ಹಲ್ಟ್ ಪ್ರೈಜಾ, ಎನಾಕ್ಟಸ್ಸಾ? ತಂಡ ಕಟ್ಟುವ ಮೊದಲು ನೋಡಿ

ಹಲ್ಟ್ ಪ್ರೈಜ್ ಕಾಲೇಜು ವಿದ್ಯಾರ್ಥಿಗಳ ಅಂತಾರಾಷ್ಟ್ರೀಯ ಬಿಸಿನೆಸ್ ಸ್ಪರ್ಧೆ; ಎನಾಕ್ಟಸ್ ವಿದ್ಯಾರ್ಥಿ ತಂಡಗಳು ಯೋಜನೆ ನಡೆಸಿ ಸ್ಪರ್ಧಿಸುವ ಸಂಸ್ಥೆ. ಎರಡರಲ್ಲೂ ಬೇಕಾಗಿರುವುದು ಸಮಾಜಕ್ಕೆ ಉಪಯೋಗವಾಗುವ ಬಿಸಿನೆಸ್. ತಯಾರಿ ಮಾತ್ರ ಪೂರ್ತಿ ಬೇರೆ.

ಹಲ್ಟ್ ಪ್ರೈಜ್‌ಗೆ ಮೂರ್ನಾಲ್ಕು ಜನರ ಚಿಕ್ಕ ತಂಡ ಸಾಕು. ಗೆದ್ದವರಿಗೆ 10 ಲಕ್ಷ ಡಾಲರ್ ಬಂಡವಾಳ. 2014ರಲ್ಲಿ ಹೈದರಾಬಾದಿನ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ವಿದ್ಯಾರ್ಥಿಗಳ 'ನ್ಯಾನೋಹೆಲ್ತ್' ಗೆದ್ದಿತ್ತು. ಕೊಳೆಗೇರಿಯ ಮನೆ ಬಾಗಿಲಿಗೇ ಹೋಗಿ ಸಕ್ಕರೆ ಕಾಯಿಲೆ, ಬಿಪಿ ಪತ್ತೆ ಮಾಡುವುದು ಅವರ ಐಡಿಯಾ. ಇಲ್ಲಿ ಪಿಚ್ಚೇ, ಅಂದರೆ ತೀರ್ಪುಗಾರರ ಮುಂದೆ ಐಡಿಯಾ ಹೇಳುವುದೇ ಜೀವಾಳ. ಗಡಿಯಾರ ಎದುರಿಗಿಟ್ಟುಕೊಂಡು ದಿನಾ ಅಭ್ಯಾಸ ಮಾಡಿ. 'ಇದಕ್ಕೆ ದುಡ್ಡು ಯಾರು ಕೊಡ್ತಾರೆ?' ಅಂತ ಕೇಳಿದಾಗ ತಡವರಿಸಿದರೆ ಕಥೆ ಮುಗೀತು. ಸ್ಲೈಡ್‌ಗಳ ಬಣ್ಣಕ್ಕೆ ಸುಮ್ನೆ ವಾರಗಟ್ಟಲೆ ಕಳೆಯಬೇಡಿ.

ಎನಾಕ್ಟಸ್ ಅಮೆರಿಕದಲ್ಲಿ 1975ರಲ್ಲಿ ಬೇರೆ ಹೆಸರಿನಿಂದ ಶುರುವಾದದ್ದು. ಇದು ಕಾಲೇಜು ಕ್ಲಬ್ ಥರ, ಮಾರ್ಗದರ್ಶನಕ್ಕೆ ಒಬ್ಬರು ಅಧ್ಯಾಪಕರೂ ಇರುತ್ತಾರೆ. ಐಡಿಯಾಕ್ಕಿಂತ ನಡೆದ ಕೆಲಸಕ್ಕೆ ಬೆಲೆ ಜಾಸ್ತಿ. ಹಾಗಾಗಿ ನಿಮ್ಮ ಕೆಲಸದಿಂದ ಯಾರ ಆದಾಯ ಎಷ್ಟು ಹೆಚ್ಚಿತು ಅನ್ನುವುದನ್ನು ಮೊದಲ ದಿನದಿಂದಲೇ ಬರೆದಿಡಿ. ಇಲ್ಲದಿದ್ದರೆ ಸೀನಿಯರ್‌ಗಳು ಕಾಲೇಜು ಬಿಟ್ಟಾಗ ಲೆಕ್ಕವೂ ಅವರ ಜೊತೆಗೇ ಹೋಗುತ್ತದೆ, ಅಲ್ವಾ?

ಮೊದಲ ವರ್ಷದವರಿಗೆ ನಾನು ಎನಾಕ್ಟಸ್ಸನ್ನೇ ಹೇಳುತ್ತೇನೆ. ಕೆಲಸದ ಆಫರ್ ಬಿಟ್ಟು ಕಂಪನಿ ಕಟ್ಟುವ ಧೈರ್ಯ ಇರುವವರು ಹಲ್ಟ್ ಕಡೆ ನೋಡಿ.