ಓಎಲ್‌ಇಡಿ ಬಿಟ್ಟು ಮಿನಿ ಎಲ್‌ಇಡಿ ತಂದೆವು: ಒಂದೇ ಹಾಲ್‌ನಲ್ಲಿ ಎರಡು ಟಿವಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಿನಿ ಎಲ್‌ಇಡಿಗೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವಾಗ ಓಎಲ್‌ಇಡಿಯನ್ನು ಮೀರಿಸುವ ಟಿವಿ ಇಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೂ ದುಡ್ಡು ಕೊಟ್ಟು ತಂದಿದ್ದು ಮಿನಿ ಎಲ್‌ಇಡಿ. ತಂದ ಮೇಲೆ ಅಯ್ಯೋ ಅನ್ನಿಸಿಲ್ಲ.

ಎರಡನ್ನೂ ನಮ್ಮ ಹಾಲ್‌ನಲ್ಲೇ ಇಟ್ಟು ನೋಡುವ ಅವಕಾಶ ಸಿಕ್ಕಿತ್ತು. ಅಕ್ಕನ ಮನೆಯಲ್ಲಿ ರಿಪೇರಿ ಕೆಲಸ ಶುರುವಾದಾಗ ಧೂಳಿಗೆ ಹೆದರಿ ಅವಳ 55 ಇಂಚಿನ ಓಎಲ್‌ಇಡಿಯನ್ನು ನಮ್ಮಲ್ಲಿ ಇಟ್ಟಿದ್ದಳು. ಅದೇ ಹೊತ್ತಿಗೆ ನಮ್ಮ ಹಳೆಯ ಟಿವಿಯ ಬ್ಯಾಕ್‌ಲೈಟ್ ಒಂದು ಮೂಲೆಯಲ್ಲಿ ಸತ್ತು ಹೋಗಿತ್ತು. ಹಾಗಾಗಿ ಹೊಸದು ತರುವ ಮುಂಚೆ ಓಎಲ್‌ಇಡಿ ಜೊತೆ ಸಾಕಷ್ಟು ಕಾಲ ಸಂಸಾರ ಮಾಡಿದಂತಾಯಿತು. ಟಿವಿ ತೆಗೆದುಕೊಳ್ಳುವವರಿಗೆ ಇಂಥ ಅವಕಾಶ ಸುಮ್ನೆ ಸಿಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

4ಕೆ ಇದೆಯಾ, ವೈಫೈ ಇದೆಯಾ ಅನ್ನುವುದನ್ನೆಲ್ಲ ಬಿಡೋಣ, ಈಗ ಎಲ್ಲದರಲ್ಲೂ ಇರುತ್ತದೆ. ನೋಡಬೇಕಾದ್ದು ಬೆಳಕು ಎಲ್ಲಿಂದ ಬರುತ್ತದೆ ಅನ್ನುವುದನ್ನು. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ. ಕಪ್ಪು ಬೇಕಾದ ಕಡೆ ಪೂರ್ತಿ ಆರುತ್ತದೆ. ಮಿನಿ ಎಲ್‌ಇಡಿ ಅಂದರೆ ಮೂಲದಲ್ಲಿ ಎಲ್‌ಸಿಡಿಯೇ. ಪರದೆಯ ಹಿಂದೆ ತುಂಬಾ ಪುಟ್ಟ ಎಲ್‌ಇಡಿಗಳಿರುತ್ತವೆ. ಅವು ಗುಂಪು ಗುಂಪಾಗಿ ಬೆಳಕು ಏರಿಸುತ್ತವೆ, ಇಳಿಸುತ್ತವೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಆದರೆ ಈ ಗುಂಪುಗಳು ನೂರರ ಲೆಕ್ಕದಲ್ಲಿ ಇರುತ್ತವೆ, ದುಬಾರಿ ಮಾದರಿಗಳಲ್ಲಿ ಸಾವಿರ ದಾಟುತ್ತವೆ. ಅಂದರೆ ಒಂದೊಂದು ಗುಂಪು ಸಾವಿರಾರು ಪಿಕ್ಸೆಲ್‌ಗಳ ಭಾರ ಹೊರಬೇಕು. ಎರಡರ ಗುಣವೂ ದೋಷವೂ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಕ್ಯೂಎಲ್‌ಇಡಿ ಅಂತ ಮಾರುವುದೂ ಎಲ್‌ಸಿಡಿಯೇ. ಹೆಸರು ಹತ್ತಿರ ಇದೆ ಅಂತ ಓಎಲ್‌ಇಡಿ ಎಂದುಕೊಂಡು ದುಡ್ಡು ಕೊಡಬೇಡಿ.

ಅಕ್ಕನ ಟಿವಿ ಬಂದ ರಾತ್ರಿ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದ್ದು ನಿಜ. ಬಾಹ್ಯಾಕಾಶದ ಡಾಕ್ಯುಮೆಂಟರಿ ಒಂದನ್ನು ಹಾಕಿದ್ದೆವು. ನಕ್ಷತ್ರಗಳ ಸುತ್ತ ಒಂದಿಷ್ಟೂ ಮಬ್ಬು ಇರಲಿಲ್ಲ. ಸಿನಿಮಾದ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿ ಎಲ್ಲಿ ಮುಗಿಯಿತು, ಟಿವಿಯ ಚೌಕಟ್ಟು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ಕೂತವರಿಗೂ ಬಣ್ಣ ಹಾಗೇ ಕಾಣುತ್ತಿತ್ತು.

ಆಮೇಲೆ ಶುರುವಾಯಿತು ಸ್ವಿಚ್ಚಿನ ಗಲಾಟೆ.

ಟಿವಿ ಕೊಟ್ಟು ಹೋಗುವಾಗ ಅಕ್ಕ ಹೇಳಿದ್ದು ಒಂದೇ ಮಾತು. "ರಿಮೋಟ್‌ನಲ್ಲಿ ಆಫ್ ಮಾಡಿ ಬಿಟ್ಟುಬಿಡು. ಗೋಡೆ ಸ್ವಿಚ್ ಮಾತ್ರ ಆರಿಸ್ಬೇಡ ಕಣೋ." ಯಾಕೆ ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಓಎಲ್‌ಇಡಿಯ ಪಿಕ್ಸೆಲ್‌ಗಳು ಉರಿದಷ್ಟೂ ಸವೆಯುತ್ತವೆ, ಎಲ್ಲವೂ ಒಂದೇ ಸಮ ಸವೆಯುವುದಿಲ್ಲ. ಅದನ್ನು ಸರಿದೂಗಿಸಲು ಟಿವಿ ತನ್ನನ್ನು ತಾನೇ ಅಳೆದುಕೊಂಡು ತಿದ್ದಿಕೊಳ್ಳುತ್ತದೆ. ಅಕ್ಕನ ಟಿವಿಯಂಥ ಬಹಳ ಮಾದರಿಗಳಲ್ಲಿ ಒಟ್ಟು 4 ಗಂಟೆ ಓಡಿದ ಮೇಲೆ ಈ ಕೆಲಸದ ಸರದಿ ಬರುತ್ತದೆ. ನಾವು ನೋಡುತ್ತಿರುವಾಗ ಅದನ್ನು ಮಾಡಲು ಆಗುವುದಿಲ್ಲ. ಟಿವಿ ಆರಿಸಿದ ಮೇಲೆ, ಸ್ಟ್ಯಾಂಡ್‌ಬೈನಲ್ಲಿ ಇದ್ದಾಗ, ಕೆಲವು ನಿಮಿಷಗಳಲ್ಲಿ ಮುಗಿಸುತ್ತದೆ. ರಾತ್ರಿ ಟಿವಿಯ ಒಳಗಿಂದ ಟಕ್ ಅಂತ ಸದ್ದು ಬಂದರೆ ಬಹುಶಃ ಅದೇ. ಆ ಹೊತ್ತಿಗೆ ಕರೆಂಟೇ ಇಲ್ಲದಿದ್ದರೆ ಕೆಲಸ ಮುಂದಕ್ಕೆ ಹೋಗುತ್ತದೆ. ಮತ್ತೆ ಮತ್ತೆ ಮುಂದಕ್ಕೆ ಹೋದರೆ ಪರದೆಯ ಮೇಲೆ ಹಳೆಯ ಚಿತ್ರದ ನೆರಳು ಉಳಿಯತೊಡಗುತ್ತದೆ.

ಇಷ್ಟು ವಿಷಯ ನಮ್ಮ ಅಪ್ಪನಿಗೆ ಹೇಳಿ ಒಪ್ಪಿಸುವವರು ಯಾರು? ಮಲಗುವ ಮುಂಚೆ ಮನೆಯೆಲ್ಲ ಸುತ್ತಿ ಒಂದೊಂದೇ ಸ್ವಿಚ್ ಆರಿಸುವುದು ಅವರ ದಿನದ ಕೊನೆಯ ಕೆಲಸ. ನಮ್ಮಲ್ಲಿ ಟಿವಿ, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್ ಮೂರೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿವೆ. ಒಂದು ಸ್ವಿಚ್ ಒತ್ತಿದರೆ ಮೂರೂ ಸತ್ತ ಹಾಗೆ.

"ಅಪ್ಪಾ, ಇದನ್ನು ರಾತ್ರಿ ಹಾಗೇ ಬಿಡಬೇಕಂತೆ."

"ಆ ಕೆಂಪು ಲೈಟು ರಾತ್ರಿಯೆಲ್ಲ ಉರೀತಾ ಇರಬೇಕಾ? ಬಿಲ್ ಕಟ್ಟೋದು ಟಿವಿ ಕಂಪನಿಯವರಾ?"

ಲೆಕ್ಕ ಹಾಕಿ ತೋರಿಸಿದೆ. ಸ್ಟ್ಯಾಂಡ್‌ಬೈನಲ್ಲಿ ಅರ್ಧ ವ್ಯಾಟ್ ಎಳೆಯುವ ಟಿವಿ ವರ್ಷ ಪೂರ್ತಿ ಹಾಗೇ ಬಿದ್ದಿದ್ದರೂ ನಾಲ್ಕೂವರೆ ಯೂನಿಟ್ ದಾಟುವುದಿಲ್ಲ. ಅಪ್ಪ ತಲೆ ಆಡಿಸಿದರು. ರಾತ್ರಿ ಮತ್ತೆ ಸ್ವಿಚ್ ಟಕ್. ಬೋರ್ಡಿನ ಮೇಲೆ "ಆರಿಸಬೇಡಿ" ಅಂತ ಚೀಟಿ ಅಂಟಿಸಿದೆ. ಚೀಟಿ ಅಲ್ಲೇ ಇತ್ತು, ಸ್ವಿಚ್ ಆಫ್ ಆಗಿತ್ತು. ಟಿವಿಯ ಪ್ಲಗ್ಗನ್ನು ಬೇರೆ ಕಡೆ ಹಾಕೋಣ ಅಂದರೆ ಆ ಗೋಡೆಯಲ್ಲಿ ಇರುವುದೇ ಒಂದು ಸಾಕೆಟ್. ಜನ್ಮದ ಅಭ್ಯಾಸ, ಅವರನ್ನು ಬೈದು ಏನು ಮಾಡುವುದು? ಗುಡುಗು ಮಿಂಚಿನ ದಿನ ಪ್ಲಗ್ ಕೀಳುವುದನ್ನು ಅವರೇ ನಮಗೆ ಕಲಿಸಿದ್ದು. ಅದು ಸರಿಯಾದ ಕೆಲಸವೇ.

ಇನ್ನೊಂದು ಅಭ್ಯಾಸವೂ ಅವರದ್ದೇ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಒಂದೇ ನ್ಯೂಸ್ ಚಾನೆಲ್. ಕೆಳಗೆ ಓಡುವ ಪಟ್ಟಿ, ಮೂಲೆಯಲ್ಲಿ ಅಲುಗಾಡದ ಲೋಗೋ. ಓಎಲ್‌ಇಡಿಗೆ ಇದಕ್ಕಿಂತ ಕೆಟ್ಟ ಆಹಾರ ಇಲ್ಲ. ಸ್ವಲ್ಪ ಕಾಲ ಕಳೆದ ಮೇಲೆ, ಬೂದು ಬಣ್ಣದ ದೃಶ್ಯ ಬಂದಾಗ ಮೂಲೆಯಲ್ಲಿ ಲೋಗೋದ ತೆಳು ನೆರಳು ನನಗೆ ಕಂಡಿತು. ಎದೆ ಧಸಕ್ ಅಂದಿತು, ಟಿವಿ ನಮ್ಮದಲ್ಲವಲ್ಲ! ಆ ರಾತ್ರಿ ಅಪ್ಪ ಮಲಗಿದ ಮೇಲೆ ಎದ್ದು ಹೋಗಿ ಬೋರ್ಡ್ ಆನ್ ಮಾಡಿ ಬಂದೆ. ಬೆಳಿಗ್ಗೆ ನೆರಳು ಇರಲಿಲ್ಲ. ಹೋಗುವ ನೆರಳು ಬೇರೆ, ಹೋಗದ ಬರ್ನ್-ಇನ್ ಬೇರೆ. ಇದು ಮೊದಲನೆಯದು. ಆದರೆ ವರ್ಷಗಟ್ಟಲೆ ಹೀಗೇ ನಡೆದರೆ ಎರಡನೆಯದೂ ಬರುತ್ತದೆ. ಪಿಕ್ಸೆಲ್ಲೇ ಸವೆದ ಮೇಲೆ ಯಾವ ಸೆಟ್ಟಿಂಗೂ ಅದನ್ನು ಮೊದಲಿನ ಹಾಗೆ ಮಾಡುವುದಿಲ್ಲ. ಬರ್ನ್-ಇನ್‌ಗೆ ವಾರಂಟಿ ಸಿಗುತ್ತದಾ ಇಲ್ಲವಾ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಚಿಕ್ಕ ಅಕ್ಷರದಲ್ಲಿ ಬರೆದಿರುವುದನ್ನು ಓದಿಯೇ ಕೊಳ್ಳಿ.

ರಾತ್ರಿ ಎದ್ದು ಟಿವಿಗೆ ಕರೆಂಟು ಕೊಟ್ಟು ಬರುವ ಕೆಲಸ ನನಗೆ ಬೇಡ ಅಂತ ಅವತ್ತೇ ತೀರ್ಮಾನ ಆಯಿತು.

ಮಿನಿ ಎಲ್‌ಇಡಿಗೆ ಈ ಯಾವ ರಗಳೆಯೂ ಇಲ್ಲ. ಸ್ವಿಚ್ ಆರಿಸಿ, ಪ್ಲಗ್ ಕೀಳಿ, ನ್ಯೂಸ್ ಚಾನೆಲ್ಲನ್ನು ದಿನವಿಡೀ ಬಿಡಿ, ಅದಕ್ಕೆ ಚಿಂತೆಯಿಲ್ಲ.

ಹಗಲಿನ ವಿಷಯಕ್ಕೆ ಬರೋಣ. ನಮ್ಮ ಹಾಲ್‌ನಲ್ಲಿ ಸೋಫಾದ ಹಿಂದೆ ದೊಡ್ಡ ಕಿಟಕಿ ಇದೆ. ಅದರ ಬೆಳಕು ನೇರವಾಗಿ ಪರದೆಗೆ ಬೀಳುತ್ತದೆ. ಓಎಲ್‌ಇಡಿಯಲ್ಲಿ ಮಧ್ಯಾಹ್ನ ಸಿನಿಮಾದ ಕತ್ತಲ ದೃಶ್ಯ ಬಂದರೆ ಕಾಣುತ್ತಿದ್ದುದು ಸೋಫಾದ ಮೇಲೆ ಕೂತ ನಾವೇ. ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪರದೆಯ ತುಂಬಾ ಬಿಳಿ ಬಂದಾಗ, ಅಂದರೆ ಹಿಮದ ಬೆಟ್ಟವೋ ಐಸ್ ಹಾಕಿಯೋ ಬಂದಾಗ, ಓಎಲ್‌ಇಡಿ ತಾನಾಗಿಯೇ ಬೆಳಕು ತಗ್ಗಿಸುತ್ತದೆ. ಎಲ್ಲ ಪಿಕ್ಸೆಲ್ಲೂ ಒಟ್ಟಿಗೆ ಜೋರಾಗಿ ಉರಿದರೆ ಕರೆಂಟೂ ಬಿಸಿಯೂ ಮಿತಿ ಮೀರುತ್ತವೆ, ಅದಕ್ಕೆ ಈ ಏರ್ಪಾಡು. ಕತ್ತಲ ಕೋಣೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಬಿಸಿಲಿನ ಹಾಲ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮಿನಿ ಎಲ್‌ಇಡಿ ಇಂಥ ಹೊತ್ತಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹೊಸ ಓಎಲ್‌ಇಡಿಗಳು ಮೊದಲಿಗಿಂತ ಎಷ್ಟೋ ಪ್ರಕಾಶವಾಗಿವೆ, ಒಪ್ಪುತ್ತೇನೆ. ಆದರೆ ಆ ಮಾದರಿಗಳ ಬೆಲೆಯೂ ಅಷ್ಟೇ ಪ್ರಕಾಶವಾಗಿದೆ.

ಹಾಗಂತ ನಮ್ಮ ಮಿನಿ ಎಲ್‌ಇಡಿ ಪತಿವ್ರತೆಯೇನಲ್ಲ. ಕತ್ತಲ ದೃಶ್ಯದಲ್ಲಿ ಬಿಳಿ ಸಬ್‌ಟೈಟಲ್ ಬಂದರೆ ಅಕ್ಷರದ ಸುತ್ತ ಮಸುಕು ಬೆಳಕು ಹಬ್ಬುತ್ತದೆ. ಅಕ್ಷರಕ್ಕೆ ಬೆಳಕು ಬೇಕು, ಅದಕ್ಕಾಗಿ ಇಡೀ ಗುಂಪು ಹೊತ್ತಿಕೊಳ್ಳಬೇಕು, ಸುತ್ತಲ ಕಪ್ಪಿನಲ್ಲಿ ಒಂದಿಷ್ಟು ಸೋರುತ್ತದೆ. ನನಗೆ ಬೇರೆ ಭಾಷೆಯ ಸಿನಿಮಾಗಳ ಹುಚ್ಚು ಇರುವುದರಿಂದ ಇದು ಶುರುವಿನಲ್ಲಿ ಬಹಳ ಕಣ್ಣಿಗೆ ಚುಚ್ಚಿತು. ಸೆಟ್ಟಿಂಗ್ಸ್‌ನಲ್ಲಿ ಲೋಕಲ್ ಡಿಮ್ಮಿಂಗನ್ನು (ಗುಂಪುಗಳು ಬೆಳಕು ಏರಿಸಿ ಇಳಿಸುವ ಏರ್ಪಾಡು) 'ಹೈ'ನಿಂದ 'ಮೀಡಿಯಂ'ಗೆ ಇಳಿಸಿ, ಸಬ್‌ಟೈಟಲ್‌ನ ಬಣ್ಣವನ್ನು ಬಿಳಿ ಬಿಟ್ಟು ತಿಳಿ ಬೂದು ಮಾಡಿದೆ. ಮುಕ್ಕಾಲು ಪಾಲು ಹೋಯಿತು. ಟಿವಿಯ ಹಿಂದಿನ ಗೋಡೆಗೆ ಒಂದು ಮಂದ ದೀಪ ಹಾಕಿದ ಮೇಲೆ ಉಳಿದದ್ದೂ ಗಮನಕ್ಕೆ ಬರುವುದಿಲ್ಲ.

ಪಕ್ಕದಿಂದ ನೋಡಿದರೆ ಬಣ್ಣ ತೊಳೆದ ಹಾಗೆ ಕಾಣುತ್ತದೆ, ಇದು ನಮ್ಮ ಟಿವಿಯಲ್ಲಿರುವ, ವಿಎ ಅನ್ನುವ ಬಗೆಯ ಎಲ್‌ಸಿಡಿ ಪ್ಯಾನೆಲ್‌ನ ಹುಟ್ಟುಗುಣ. ನಮ್ಮಲ್ಲಿ ಎಲ್ಲರೂ ಎದುರಿಗೇ ಕೂರುತ್ತೇವೆ. ನಿಮ್ಮಲ್ಲಿ ಅಡುಗೆಮನೆಯಿಂದ ಓರೆಯಾಗಿ ನೋಡುವವರು ಇದ್ದರೆ ಯೋಚನೆ ಮಾಡಿ.

ಓರೆ ನೋಟಕ್ಕೆ ಐಪಿಎಸ್ ಅನ್ನುವ ಇನ್ನೊಂದು ಬಗೆಯ ಎಲ್‌ಸಿಡಿ ಪ್ಯಾನೆಲ್ ಒಳ್ಳೆಯದು ಅನ್ನುತ್ತಾರೆ, ಅಲ್ವಾ? ನಮ್ಮ ಹಳೆಯ ಟಿವಿ ಅದೇ. ಐಪಿಎಸ್‌ನ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ, ಸುಮಾರು 1000:1, ವಿಎ ಪ್ಯಾನೆಲ್‌ನಲ್ಲಿ ಡಿಮ್ಮಿಂಗ್ ಇಲ್ಲದೆಯೇ 3000:1ರಿಂದ ಮೇಲೆ. ಅಂಕಿ ಬಿಡಿ, ಐಪಿಎಸ್‌ನಲ್ಲಿ ರಾತ್ರಿಯ ದೃಶ್ಯ ಬೂದಿ ಬಳಿದ ಹಾಗೆ ಇರುತ್ತದೆ. ಮತ್ತೆ ಅದು ಬೇಡ.

ವೇಗದ ಆಟ ನೋಡಲು ಎರಡೂ ಚೆನ್ನ. ಓಎಲ್‌ಇಡಿಯಲ್ಲಿ ಚೆಂಡಿನ ಹಿಂದೆ ಬಾಲ ಬರುವುದೇ ಇಲ್ಲ, ಮಿನಿ ಎಲ್‌ಇಡಿಯಲ್ಲಿ ಹುಡುಕಿದರೆ ಒಂಚೂರು ಸಿಗುತ್ತದೆ. ತಮಾಷೆ ಏನೆಂದರೆ ಸಿನಿಮಾದಲ್ಲಿ ಅದೇ ಚುರುಕು ಓಎಲ್‌ಇಡಿಗೆ ತೊಂದರೆ ಕೊಡುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ ಇರುವುದು 24 ಚಿತ್ರ. ಪಿಕ್ಸೆಲ್ ಥಟ್ಟನೆ ಬದಲಾಗಿ ಸುಮ್ಮನೆ ನಿಂತುಬಿಡುವುದರಿಂದ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ತಿರುಗುವಾಗ ಚಿತ್ರ ಎಡವಿ ಎಡವಿ ಸಾಗುತ್ತದೆ. ಎಲ್‌ಸಿಡಿಯ ಸೋಮಾರಿತನ ಇಲ್ಲಿ ಉಪಕಾರಕ್ಕೆ ಬರುತ್ತದೆ. ಯಾವ ಟಿವಿ ತಂದರೂ ಸಿನಿಮಾಕ್ಕೆ 'ಫಿಲ್ಮ್‌ಮೇಕರ್ ಮೋಡ್' ಇದೆಯಾ ನೋಡಿ ಹಾಕಿಕೊಳ್ಳಿ. 2019ರಲ್ಲಿ ಪ್ರಕಟವಾದ ಈ ಮೋಡ್, ದೊಡ್ಡ ಬಜೆಟ್ ಸಿನಿಮಾವನ್ನೂ ಧಾರಾವಾಹಿ ಥರ ನುಣುಪಾಗಿಸುವ ಮೋಶನ್ ಸ್ಮೂತಿಂಗನ್ನು ಆಫ್ ಮಾಡಿಬಿಡುತ್ತದೆ.

ಸೌಂಡ್ ಎರಡರಲ್ಲೂ ಸಪ್ಪೆ. ಸೌಂಡ್‌ಬಾರ್‌ಗೆ ದುಡ್ಡು ಎತ್ತಿಟ್ಟುಕೊಳ್ಳಿ, ಇಎಆರ್‌ಸಿ ಪೋರ್ಟ್ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಸೌಂಡ್‌ಬಾರ್‌ಗೆ ಕಳಿಸುವ ಜಾಗ) ಇರುವ ಟಿವಿಯನ್ನೇ ತೆಗೆದುಕೊಳ್ಳಿ. ಗೇಮ್ ಆಡುವವರು ನಮ್ಮಲ್ಲಿ ಇಲ್ಲ, ಆ ಬಗ್ಗೆ ನನ್ನನ್ನು ಕೇಳಬೇಡಿ.

ಬಜೆಟ್ ವಿಷಯದಲ್ಲಿ ನನ್ನ ಲೆಕ್ಕ ಸರಳವಾಗಿತ್ತು. 55 ಇಂಚಿನ ಓಎಲ್‌ಇಡಿಗೆ ಕೊಡುವ ದುಡ್ಡಿನಲ್ಲಿ 65 ಇಂಚಿನ ಒಳ್ಳೆಯ ಮಿನಿ ಎಲ್‌ಇಡಿ ಬರುತ್ತಿತ್ತು, ಸ್ವಲ್ಪ ಮಿಗುತ್ತಲೂ ಇತ್ತು. ಹತ್ತು ಇಂಚು ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಪರದೆಯ ವಿಸ್ತೀರ್ಣ ಸುಮಾರು 40 ಶೇಕಡಾ ಜಾಸ್ತಿಯಾಗುತ್ತದೆ. ಕೂರುವ ದೂರ ಪರದೆಯ ಕರ್ಣದ 1.6 ಪಟ್ಟು ಇದ್ದರೆ ನೋಡಲು ಹಿತ ಅನ್ನುವ ಅಂದಾಜು ಇದೆ. 65 ಇಂಚಿಗೆ ಅದು ಎಂಟೂವರೆ ಒಂಬತ್ತು ಅಡಿ. ನಮ್ಮ ಸೋಫಾ ಇರುವುದೂ ಅಷ್ಟೇ ದೂರದಲ್ಲಿ. ಕನ್ನಡಕ ಹುಡುಕದೆ ನ್ಯೂಸ್ ಪಟ್ಟಿ ಓದಲು ಆಗುತ್ತದೆ ಅಂತ ಅಪ್ಪನಿಗೂ ಖುಷಿ.

ಅಕ್ಕನಿಗೆ ಅವಳ ಓಎಲ್‌ಇಡಿಯೇ ಸರಿ. ಅವಳ ಟಿವಿ ಇರುವ ಕೋಣೆಯ ಕಿಟಕಿಗೆ ದಪ್ಪ ಕರ್ಟನ್ ಇದೆ, ಅವರು ನೋಡುವುದು ರಾತ್ರಿ ಮಾತ್ರ, ನ್ಯೂಸನ್ನು ಮೊಬೈಲಿನಲ್ಲೇ ಮುಗಿಸುತ್ತಾರೆ. ನಾನು ಒಬ್ಬನೇ ಇದ್ದು, ಕೆಲಸ ಮುಗಿಸಿ ಕತ್ತಲಾದ ಮೇಲೆ ಟಿವಿ ಹಾಕುವವನಾಗಿದ್ದರೆ ನಾನೂ ಅದನ್ನೇ ತರುತ್ತಿದ್ದೆ.

ಮಿನಿ ಎಲ್‌ಇಡಿ ತೆಗೆದುಕೊಳ್ಳುವುದಾದರೆ ಅಂಗಡಿಗೆ ಪೆನ್‌ಡ್ರೈವ್ ಒಯ್ಯಿರಿ. ಅವರು ಹಾಕುವ ಹೂವು, ಗಿಳಿ, ಜಲಪಾತದ ವಿಡಿಯೋ ಯಾವ ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ನೀವು ಒಂದು ಕತ್ತಲ ದೃಶ್ಯ, ಸಬ್‌ಟೈಟಲ್ ಇರುವ ಒಂದು ತುಣುಕು, ಪೂರ್ತಿ ಬೂದು ಬಣ್ಣದ ಒಂದು ಚಿತ್ರ ಇಷ್ಟನ್ನು ಹಾಕಿಸಿ. ಬೂದು ಚಿತ್ರದಲ್ಲಿ ಕೊಳೆಯ ಹಾಗೆ ಕಲೆಗಳು ಕಂಡರೆ ಚೆಂಡಾಟ ನೋಡುವಾಗ ಆ ಕಲೆಗಳೇ ಮೈದಾನದ ಮೇಲೆ ಓಡಾಡುತ್ತವೆ. ಅಂಗಡಿಯಲ್ಲಿ ಕಣ್ಣು ಸೆಳೆಯಲು ಬೆಳಕು, ಬಣ್ಣ ಏರಿಸಿಟ್ಟಿರುವ ಸ್ಟೋರ್ ಮೋಡ್ ತೆಗೆಸಿಯೇ ನೋಡಿ. ಡಿಮ್ಮಿಂಗ್ ಗುಂಪುಗಳು ಎಷ್ಟು ಅಂತ ಕೇಳಿ, ಉತ್ತರ ಬರದಿದ್ದರೆ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಮನೆಯಿಂದ ಹೊರಡುವ ಮುಂಚೆ ಟಿವಿ ಇಡುವ ಮೇಜನ್ನೂ ಅಳೆದುಕೊಳ್ಳಿ. 65 ಇಂಚಿನ ಪರದೆಯ ಅಗಲ ಸುಮಾರು 144 ಸೆಂ.ಮೀ. ಟಿವಿಯ ಕಾಲುಗಳು ನಡುವೆ ಇರದೆ ಎರಡು ತುದಿಯಲ್ಲಿದ್ದರೆ ಮೇಜೂ ಹೆಚ್ಚುಕಡಿಮೆ ಅಷ್ಟೇ ಅಗಲ ಬೇಕು.