ಗ್ಯಾಸ್ ಹಾಕುವ ಮೊದಲು ನೀರು ಹಾಕಿ ನೋಡಿದ ಎಸಿ ಅಂಗಡಿ

ನಮ್ಮದು 2009ರ ವ್ಯಾಗನ್ ಆರ್. ಅತ್ತೆಯವರನ್ನು ಆಸ್ಪತ್ರೆಗೆ ತೋರಿಸಲು ತಿಂಗಳಿಗೆ ಎರಡು ಸಲವಾದರೂ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರುತ್ತೇವೆ. ಅವರಿಗೆ ಉಬ್ಬಸ. ಧೂಳಿಗೆ ಕಿಟಕಿ ಇಳಿಸುವ ಹಾಗಿಲ್ಲ. ಹಾಗಾಗಿ ನಮಗೆ ಎಸಿ ಬೇಕೇ ಬೇಕು. ಮಲೆನಾಡಿನವರಿಗೆ ಎಸಿ ಯಾಕೆ ಅಂತ ಕೇಳುವವರೂ ಇದ್ದಾರೆ. ಜುಲೈ ತಿಂಗಳಲ್ಲಿ ಆಗುಂಬೆ ಕಡೆ ಕಾರು ಓಡಿಸಿದವರಿಗೆ ಗೊತ್ತಿರುತ್ತದೆ. ಒಳಗಿನ ಗಾಜಿಗೆ ಕಟ್ಟುವ ಮಬ್ಬನ್ನು ಎಷ್ಟು ಒರೆಸಿದರೂ ಮತ್ತೆ ಕಟ್ಟುತ್ತದೆ. ಎಸಿ ಗಾಳಿಯ ತೇವ ಹೀರಿಕೊಂಡರೆ ಮಾತ್ರ ಗಾಜು ತಿಳಿಯಾಗುವುದು.

ಎರಡು ಬೇಸಿಗೆಯಿಂದ ತಂಪು ಕಮ್ಮಿಯಾಗಿತ್ತು. ಬೇರೆ ಒಂದು ಕಡೆ ತೋರಿಸಿದೆವು. ಎರಡು ವರ್ಷವೂ "ಗ್ಯಾಸ್ ಕಮ್ಮಿ ಇದೆ" ಅಂತ ಹೇಳಿ ತುಂಬಿಸಿ ಕಳಿಸಿದರು. ಒಂದೊಂದು ಸಲಕ್ಕೆ 1,800 ರೂಪಾಯಿ. ಮೂರನೇ ವರ್ಷ ಇನ್ನೂ ಹದಗೆಟ್ಟಿತು. ಮಂಡಗದ್ದೆ, ಗಾಜನೂರು ದಾಟುವವರೆಗೆ ಪರವಾಗಿಲ್ಲ. ಊರೊಳಗೆ ಬಂದು ಅಮೀರ್ ಅಹಮದ್ ಸರ್ಕಲ್ ಹತ್ತಿರ ನಿಂತರೆ ಬಿಸಿ ಗಾಳಿ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಸುಮ್ಮನೆ ಕೂತಿರುತ್ತಿದ್ದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಏಪ್ರಿಲ್‌ನಲ್ಲಿ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಈ ಚಿಕ್ಕ ಅಂಗಡಿಗೆ ಹೋದೆ. ಒಂದು ಶೆಟರ್, ಇಬ್ಬರು ಹುಡುಗರು, ಐವತ್ತು ದಾಟಿದ ಮಾಲೀಕರು. ಅವರು ಬಾನೆಟ್ ತೆಗೆಯುವ ಮೊದಲೇ ಕೇಳಿದರು: "ಓಡಿಸ್ತಾ ಇದ್ದಾಗ ತಂಪು ಬರುತ್ತಾ ಮೇಡಂ, ನಿಂತಾಗ ಹೋಗುತ್ತಾ?" ಹೌದು ಅಂದೆ. "ಹಾಗಾದ್ರೆ ಗ್ಯಾಸ್ ಆಮೇಲೆ ನೋಡೋಣ" ಅಂದರು.

ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿಸಿ, ನನ್ನನ್ನೂ ಹತ್ತಿರ ಕರೆದರು. ಕಡಿಮೆ ಒತ್ತಡದ ಕಡೆಯ ನೀಲಿ ಗೇಜ್ 55, ಹೆಚ್ಚು ಒತ್ತಡದ ಕಡೆಯ ಕೆಂಪು ಗೇಜ್ 320 ಪಿಎಸ್‌ಐ. ಗ್ಯಾಸ್ ಕಮ್ಮಿ ಇದ್ದರೆ ಎರಡೂ ಮುಳ್ಳು ಕೆಳಗಿರಬೇಕು, ಇಲ್ಲಿ ಎರಡೂ ಮೇಲಿವೆ ಅಂತ ತೋರಿಸಿದರು. ಆಮೇಲೆ ಹುಡುಗನಿಗೆ ಒಂದು ಬಕೆಟ್ ನೀರು ತರಲು ಹೇಳಿದರು. ಮುಂದಿನ ಜಾಲರಿಯೊಳಗೆ ಕಂಡೆನ್ಸರ್ ಮೇಲೆ ನಿಧಾನವಾಗಿ ಮಗ್‌ನಲ್ಲಿ ನೀರು ಸುರಿದರು. ಹಬೆ ಎದ್ದಿತು. ಕೆಂಪು ಮುಳ್ಳು ನನ್ನ ಕಣ್ಣೆದುರೇ ಇಳಿಯುತ್ತಾ 230ಕ್ಕೆ ಬಂತು. ಒಳಗೆ ಕೈ ಇಟ್ಟು ನೋಡಿದೆ, ಗಾಳಿ ತಣ್ಣಗಾಗಿತ್ತು! ನೀರು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಮುಳ್ಳು ಮತ್ತೆ ಮೇಲೇರಿತು. ಗ್ಯಾಸ್ ಒಳಗಿನಿಂದ ಹೊತ್ತು ತರುವ ಬಿಸಿಯನ್ನು ಕಂಡೆನ್ಸರ್ ಹೊರಗೆ ಬಿಡಬೇಕು. ಓಡುವಾಗ ಎದುರಿನ ಗಾಳಿ ಆ ಕೆಲಸ ಮಾಡಿಸುತ್ತದೆ, ನಿಂತಾಗ ಫ್ಯಾನ್ ಮಾಡಿಸಬೇಕು. ನಮ್ಮ ಕಾರಿನಲ್ಲಿ ಅದೇ ಆಗುತ್ತಿರಲಿಲ್ಲ.

ಎಸಿ ಹಾಕಿದಾಗ ಫ್ಯಾನ್ ತಿರುಗುತ್ತಿತ್ತು ನಿಜ, ಆದರೆ ರೆಕ್ಕೆಗಳನ್ನು ಎಣಿಸಬಹುದಿತ್ತು, ಅಷ್ಟು ನಿಧಾನ. ಮೋಟಾರಿನ ಬ್ರಷ್ ಸವೆದಿತ್ತು. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಟಾರ್ಚ್ ಬಿಟ್ಟು ನೋಡಿದರೆ ಕಂಬಳಿಯ ಹಾಗೆ ಕಸ ಕಟ್ಟಿತ್ತು. ಕೆಂಪು ಮಣ್ಣು, ಅಡಿಕೆ ಸಿಪ್ಪೆಯ ನಾರು, ಮಳೆಹುಳದ ರೆಕ್ಕೆಗಳು. ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವ ಜಾಗದ ಪಕ್ಕದಲ್ಲೇ ಕಾರು ನಿಲ್ಲಿಸುವುದು. ಜೋರು ಪ್ರೆಶರ್‌ನಲ್ಲಿ ನೀರು ಹೊಡೆದರೆ ಕಂಡೆನ್ಸರಿನ ತೆಳು ತಗಡು ಮಡಚಿಹೋಗುತ್ತದೆ ಅಂತ ಮೆತ್ತಗಿನ ಬ್ರಷ್, ಸಣ್ಣ ಪೈಪು ಹಿಡಿದು ಒಂದು ಗಂಟೆ ತೊಳೆದರು.

ಹೊಸ ಫ್ಯಾನ್ ಮೋಟಾರ್ ಹಾಕಿದ ಮೇಲೂ ಕೆಂಪು ಮುಳ್ಳು ಇನ್ನೂ ಮೇಲೆ, 260ರಲ್ಲೇ ನಿಂತಿತ್ತು. ಆಗ ಗ್ಯಾಸನ್ನು ಸಿಲಿಂಡರಿಗೆ ಎಳೆದು ತೂಕ ಮಾಡಿದರು. ಬೇಕಾದ್ದಕ್ಕಿಂತ ಸುಮಾರು 150 ಗ್ರಾಂ ಜಾಸ್ತಿ! ಎರಡು ವರ್ಷ ದುಡ್ಡು ಕೊಟ್ಟು ನಾವು ತುಂಬಿಸಿದ್ದು ಅದನ್ನೇ. ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಖಾಲಿಯಾಗುವುದಿಲ್ಲ, ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಮ್ಮಿಯಾದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರುವ ಕಡೆ ಗ್ಯಾಸಿನ ಜೊತೆ ಸುತ್ತುವ ಕಂಪ್ರೆಸರಿನ ಎಣ್ಣೆಯ ಪಸೆಯೂ ಸಾಮಾನ್ಯವಾಗಿ ಕಾಣುತ್ತದಂತೆ. ಜಾಯಿಂಟ್‌ಗಳನ್ನೆಲ್ಲ ಬಟ್ಟೆಯಲ್ಲಿ ಒರೆಸಿ ನೋಡಿದರು, ಒಣಗಿದ್ದವು. ಅರ್ಧ ಗಂಟೆ ಪಂಪಿನಿಂದ ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದು (ವ್ಯಾಕ್ಯೂಮ್) ಪಂಪ್ ನಿಲ್ಲಿಸಿ, ಮುಳ್ಳು ಕದಲುವುದಿಲ್ಲ, ಅಂದರೆ ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಆರ್-134ಎ ಗ್ಯಾಸನ್ನು ತಕ್ಕಡಿಯ ಮೇಲಿಟ್ಟು, ಲೆಕ್ಕಕ್ಕೆ ಸರಿಯಾಗಿ ಹಾಕಿದರು.

ಕಾರು ನಿಂತಲ್ಲೇ ಇದ್ದಾಗ ಬೆಳಿಗ್ಗೆ 19 ಡಿಗ್ರಿ ಇದ್ದ ಗಾಳಿ ಸಂಜೆ 8 ಡಿಗ್ರಿಗೆ ಬಂತು. ಎರಡೂ ಸಲ ಥರ್ಮಾಮೀಟರ್ ಇಟ್ಟು ನನಗೆ ತೋರಿಸಿದ್ದಾರೆ.

ಕೂಲಿಂಗ್ ಕಾಯಿಲ್ ಕೂಡ ತೊಳೆದುಬಿಡಿ ಅಂತ ನಾನೇ ಹೇಳಿದೆ. ಅವರು ಬ್ಲೋವರ್ ಬಿಚ್ಚಿ ಒಳಗೆ ನೋಡಿ, ನಾಲ್ಕು ಒಣ ಎಲೆ ತೆಗೆದು, "ಕಾಯಿಲ್ ಚೆನ್ನಾಗಿದೆ. ಡ್ಯಾಶ್‌ಬೋರ್ಡ್ ಬಿಚ್ಚಿದ್ರೆ ಹಳೇ ಪ್ಲಾಸ್ಟಿಕ್ ಕ್ಲಿಪ್ ಮುರಿಯುತ್ತೆ, ಬೇಡ ಮೇಡಂ" ಅಂದರು. ಬೇಡದ ಕೆಲಸ ಮಾಡಿ ಬಿಲ್ ಏರಿಸಲಿಲ್ಲ. ನನಗೆ ಇದು ಬಹಳ ಹಿಡಿಸಿತು.

ಒಟ್ಟು 3,400 ರೂಪಾಯಿ, ಮೋಟಾರ್ ಸೇರಿ. ಹಳೇ ಮೋಟಾರನ್ನು ಕೈಗೆ ಕೊಟ್ಟರು. ಕೇಳಿದ ಮೇಲೆ ಬಿಲ್ಲಿನ ಮೇಲೆ ಆರು ತಿಂಗಳ ಗ್ಯಾರಂಟಿಯನ್ನೂ ಬರೆದುಕೊಟ್ಟರು. ಫೋನ್‌ಪೇ ನಡೆಯುತ್ತದೆ.

ಕೊರತೆಯೂ ಇದೆ. ಬೆಳಿಗ್ಗೆ ಒಂಬತ್ತೂವರೆಗೆ ಬಿಟ್ಟ ಕಾರು ಸಿಕ್ಕಿದ್ದು ನಾಲ್ಕೂವರೆಗೆ. ಕೂರಲು ಒಂದು ಬೆಂಚು, ಅದೂ ಬಿಸಿಲಿಗೆ. ಹೆಂಗಸರಿಗೆ ಶೌಚಾಲಯವಿಲ್ಲ, ಇದನ್ನು ಅವರಿಗೂ ಹೇಳಿ ಬಂದಿದ್ದೇನೆ. ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಭಾನುವಾರ ರಜೆ. ಮಾರ್ಚ್ ಮುಗಿದರೆ ಕಾರುಗಳು ಸಾಲು ನಿಲ್ಲುತ್ತವೆ, ಫೆಬ್ರವರಿಯಲ್ಲೇ ತೋರಿಸಿಕೊಂಡರೆ ಒಳ್ಳೆಯದು.