ಬಾರ್ಡರ್ ಕೋಲಿಯ ತೂಕ ಇಳಿಸಲು ರಾಯಲ್ ಕ್ಯಾನಿನ್ ಸಟೈಟಿ: ಹದಿನಾಲ್ಕು ತಿಂಗಳ ಬಳಕೆಯ ನಂತರ

ನಮ್ಮ ಮನೆಯ ಸೋಮ ಐದು ವರ್ಷದ ಗಂಡು ಬಾರ್ಡರ್ ಕೋಲಿ ನಾಯಿ. ಕಳೆದ ವರ್ಷ ಲಸಿಕೆ ಹಾಕಿಸಲು ಕರೆದೊಯ್ದಾಗ ಆಸ್ಪತ್ರೆಯ ತಕ್ಕಡಿ 26.1 ಕಿಲೋ ತೋರಿಸಿತು. ಅವನ ಮೈಕಟ್ಟಿಗೆ 20 ಕಿಲೋ ಸಾಕು ಎಂದ ಪಶುವೈದ್ಯರು, ನನ್ನ ಕೈಯನ್ನೇ ಹಿಡಿದು ಅವನ ಪಕ್ಕೆಯ ಮೇಲೆ ಇಡಿಸಿದರು. ನಿಮ್ಮ ಹಸ್ತದ ಹಿಂಭಾಗವನ್ನು ಸವರಿದಾಗ ಮೂಳೆಗಳು ಹೇಗೆ ತಿಳಿಯುತ್ತವೆಯೋ ನಾಯಿಯ ಪಕ್ಕೆಲುಬುಗಳೂ ಹಾಗೆಯೇ ತಿಳಿಯಬೇಕು ಎಂದು ಹೇಳಿದರು. ನನ್ನ ಬೆರಳಿಗೆ ಸಿಕ್ಕಿದ್ದು ಅಂಗೈಯ ಮಾಂಸದಂತೆ ಮೆತ್ತಗಿನ ಪದರ ಮಾತ್ರ. ಒಂಬತ್ತು ಅಂಕಗಳ ದೇಹಸ್ಥಿತಿ ಮಾಪನದಲ್ಲಿ ಅವನಿಗೆ ಎಂಟು ಬಂದಿತ್ತು. ಅದರಲ್ಲಿ ನಾಲ್ಕು ಅಥವಾ ಐದು ಇದ್ದರೆ ಸರಿ. ಎರಡು ಪದರದ ದಟ್ಟ ರೋಮದ ಅಡಿಯಲ್ಲಿ ಇಷ್ಟೊಂದು ಕೊಬ್ಬು ಸೇರಿದ್ದು ದಿನವೂ ಅವನ ಮೈ ಬಾಚುವ ನನಗೇ ತಿಳಿದಿರಲಿಲ್ಲ.

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ದಿನವಿಡೀ ಕುರಿಮಂದೆಯನ್ನು ತಿರುಗಿಸಲೆಂದು ಬೆಳೆಸಿದ ತಳಿ ಇದು. ತಿಂದದ್ದನ್ನೆಲ್ಲ ಓಡಿ ಕರಗಿಸಿಬಿಡುತ್ತದೆ ಎಂದು ನಾವು ನಂಬಿದ್ದೆವು. ಆದರೆ ಮೈಸೂರಿನ ಮನೆಯೊಂದರಲ್ಲಿ ಬೆಳಿಗ್ಗೆ ಮತ್ತು ಸಂಜೆ ಅರ್ಧ ಗಂಟೆ ನಡೆದು ಬರುವ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿರುವ ಕೋಲಿಗೆ ಕುರಿ ಕಾಯುವ ಕೋಲಿಯ ಊಟ ಬೇಕಾಗಿಲ್ಲ. ಥೈರಾಯ್ಡ್ ತೊಂದರೆಯಿಂದಲೂ ನಾಯಿಗಳು ದಪ್ಪಗಾಗುವುದರಿಂದ ವೈದ್ಯರು ಮೊದಲು ರಕ್ತಪರೀಕ್ಷೆ ಮಾಡಿಸಿದರು. ಅದರಲ್ಲಿ ದೋಷವೇನೂ ಕಾಣಲಿಲ್ಲ. ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಆಹಾರ ಬದಲಿಸಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವೈದ್ಯರು ಸೂಚಿಸಿದ್ದು ರಾಯಲ್ ಕ್ಯಾನಿನ್ ಕಂಪನಿಯ ಸಟೈಟಿ ಎಂಬ, ತೂಕ ಇಳಿಸಲೆಂದೇ ಇರುವ ನಾಯಿ ಆಹಾರ. ಹಳೆಯ ಆಹಾರವನ್ನೇ ಕಡಿಮೆ ಮಾಡಿದರೆ ಆಗದೇ ಎಂದು ನಾನು ಕೇಳಿದ್ದೆ. ವೈದ್ಯರು ಅಲ್ಲಿಯೇ ಒಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. 20 ಕಿಲೋ ತೂಕದ ನಾಯಿ ವಿಶ್ರಾಂತಿಯಲ್ಲಿದ್ದಾಗ ದಿನಕ್ಕೆ ಬೇಕಾಗುವುದು ಸುಮಾರು 660 ಕಿಲೋಕ್ಯಾಲೊರಿ. ತೂಕ ಇಳಿಸುವಾಗ ಅಷ್ಟನ್ನೇ ಮಿತಿಯಾಗಿ ಇಟ್ಟುಕೊಳ್ಳಬೇಕು, ಅದರಲ್ಲಿಯೂ ಹತ್ತನೇ ಒಂದು ಭಾಗವನ್ನು ತಿನಿಸುಗಳಿಗೆ ಬಿಡಬೇಕು. ನಾವು ಹಾಕುತ್ತಿದ್ದ ಆಹಾರದಲ್ಲಿ ಕಿಲೋಗೆ ಸುಮಾರು 3,800 ಕಿಲೋಕ್ಯಾಲೊರಿ ಇದ್ದುದರಿಂದ, ಲೆಕ್ಕದ ಪ್ರಕಾರ ದಿನಕ್ಕೆ 155 ಗ್ರಾಂ ಮಾತ್ರ ಕೊಡಬಹುದಿತ್ತು. ಅಷ್ಟರಲ್ಲಿ ಹೊಟ್ಟೆ ತುಂಬುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕ್ಯಾಲೊರಿಯ ಜೊತೆಗೆ ಪ್ರೋಟೀನ್, ಖನಿಜಾಂಶಗಳೂ ಕಡಿಮೆಯಾಗಿ ಕೊಬ್ಬಿನ ಬದಲು ಸ್ನಾಯು ಕರಗುವ ಅಪಾಯವಿದೆ. ಸಟೈಟಿಯಲ್ಲಿ ಕಿಲೋಗೆ ಮೂರು ಸಾವಿರಕ್ಕಿಂತ ಕಡಿಮೆ ಕಿಲೋಕ್ಯಾಲೊರಿ ಇದ್ದು, ಪ್ರೋಟೀನ್ ಮತ್ತು ನಾರಿನಂಶ ಹೆಚ್ಚಾಗಿರುವುದರಿಂದ ಅದೇ ಲೆಕ್ಕದಲ್ಲಿ 205 ಗ್ರಾಂ ಕೊಡಲು ಸಾಧ್ಯವಾಯಿತು. ನಮ್ಮ ಮನೆಗಳಲ್ಲಿ ಮಲಬದ್ಧತೆಗೆ ನೀರಿನಲ್ಲಿ ಕಲಸಿ ಕುಡಿಯುವ ಇಸಬ್‌ಗೋಲ್ ಇದರಲ್ಲಿಯೂ ಇದೆ. ಅದು ಹೊಟ್ಟೆಯಲ್ಲಿ ನೀರು ಹೀರಿ ಊದಿಕೊಳ್ಳುತ್ತದೆ. ಊಟ ಮುಗಿಸಿದ ಮೇಲೆ ಸೋಮ ತಟ್ಟೆಯ ಮುಂದೆ ನಿಂತು ನಮ್ಮನ್ನೇ ದಿಟ್ಟಿಸುತ್ತಿದ್ದುದು ಎರಡು ವಾರಗಳಲ್ಲಿ ನಿಂತಿತು. ಕುರಿಗಳನ್ನು ಕಣ್ಣಿನಿಂದಲೇ ಹಿಡಿದು ನಿಲ್ಲಿಸುವ ತಳಿಯ ಆ ನೋಟವನ್ನು ದಿನವೂ ಎದುರಿಸಿದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದು ಅರ್ಥವಾಗುತ್ತದೆ.

ಆರಂಭದಲ್ಲಿ ನಾನು ಒಂದು ತಪ್ಪು ಮಾಡಿದೆ. ಹಳೆಯದಕ್ಕೆ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಏಳರಿಂದ ಹತ್ತು ದಿನಗಳಲ್ಲಿ ಬದಲಿಸಬೇಕಾದದ್ದನ್ನು ಮೂರೇ ದಿನಕ್ಕೆ ಮುಗಿಸಿದ್ದರಿಂದ ಅವನಿಗೆ ಭೇದಿಯಾಯಿತು. ಎರಡನೆಯದು ಅಳತೆಯ ವಿಷಯ. ಮೊದಲು ನಾವು ಸ್ಟೀಲಿನ ಲೋಟದಲ್ಲಿ ಅಳೆಯುತ್ತಿದ್ದೆವು. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದ ದಿನ ಅದೇ ಲೋಟವನ್ನು ನಾನು ತುಂಬಿದಾಗ 110 ಗ್ರಾಂ, ಮಗಳು ತುಂಬಿದಾಗ 145 ಗ್ರಾಂ ಬಂದಿತು. ಯಾವ ಆಹಾರವನ್ನೇ ತನ್ನಿ, ಈ ತಕ್ಕಡಿ ಇಲ್ಲದಿದ್ದರೆ ಅದಕ್ಕೆ ಕೊಟ್ಟ ಹಣ ವ್ಯರ್ಥ.

ವಾರಕ್ಕೆ ದೇಹತೂಕದ ಶೇಕಡಾ 1ರಿಂದ 2ರಷ್ಟು ಇಳಿದರೆ ಸಾಕು, ಅದಕ್ಕಿಂತ ವೇಗ ಒಳ್ಳೆಯದಲ್ಲ ಎಂದು ವೈದ್ಯರು ಹೇಳಿದ್ದರು. ಮೊದಲ ಹತ್ತು ವಾರಗಳಲ್ಲಿ ಸೋಮ 23.4 ಕಿಲೋಗೆ ಬಂದ. ಆಮೇಲೆ ಐದು ವಾರ ಮುಳ್ಳು ಅಲ್ಲಾಡಲಿಲ್ಲ. ಆಹಾರದ ಮೇಲೆಯೇ ನನಗೆ ಅನುಮಾನ ಬಂದಿತ್ತು. ಕೊನೆಗೆ ತಿಳಿದದ್ದೇನೆಂದರೆ, ಅತ್ತೆಯವರು ಬೆಳಗಿನ ತಿಂಡಿಯ ಹೊತ್ತಿನಲ್ಲಿ ಅವನಿಗೆ ತುಪ್ಪ ಸವರಿದ ಒಂದು ಚಪಾತಿ ಕೊಡುತ್ತಿದ್ದರು. ಆ ಒಂದು ಚಪಾತಿ ಅವನ ದಿನದ ಪಾಲಿನ ಹೆಚ್ಚುಕಡಿಮೆ ಐದನೇ ಒಂದು ಭಾಗ. ಅವನನ್ನು ಚಿಕ್ಕ ಮರಿಯಿಂದ ಸಾಕಿದ ಅವರ ಕೈಯಿಂದ ಏನನ್ನೂ ಕೊಡಬೇಡಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಪ್ರತಿದಿನ 205 ಗ್ರಾಂ ತೂಗಿದ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಪುಟ್ಟ ಡಬ್ಬಿಗೆ ಹಾಕಿ ಅವರ ಕುರ್ಚಿಯ ಪಕ್ಕದಲ್ಲಿ ಇಟ್ಟೆ. ಜೊತೆಗೆ ಸೌತೆಕಾಯಿಯ ಹೋಳು, ಉಪ್ಪಿಲ್ಲದೆ ಬೇಯಿಸಿದ ಹುರುಳಿಕಾಯಿ. ಅವರೂ ಸಂತೋಷದಿಂದ ಒಪ್ಪಿದರು. ಹದಿನೈದು ದಿನಗಳಲ್ಲಿ ತೂಕ ಮತ್ತೆ ಇಳಿಯತೊಡಗಿತು. ತರಕಾರಿ ಕೊಡುವವರು ಈರುಳ್ಳಿಯನ್ನು, ಹಣ್ಣು ಕೊಡುವವರು ದ್ರಾಕ್ಷಿ ಹಾಗೂ ಒಣದ್ರಾಕ್ಷಿಯನ್ನು ನಾಯಿಯಿಂದ ದೂರವಿಡಬೇಕು, ಅವು ವಿಷ.

ಕೊರತೆಗಳನ್ನೂ ಹೇಳಬೇಕು. ನಾರು ಹೆಚ್ಚಿರುವುದರಿಂದ ಮಲದ ಪ್ರಮಾಣ ಹೆಚ್ಚುತ್ತದೆ, ಕುಡಿಯುವ ನೀರು ಸದಾ ತುಂಬಿರಬೇಕು. ನಮ್ಮ ಹಳೆಯ ಆಹಾರಕ್ಕೆ ಹೋಲಿಸಿದರೆ ಬೆಲೆ ದುಬಾರಿ. ದಿನಕ್ಕೆ 205 ಗ್ರಾಂನಂತೆ ಕೊಟ್ಟರೆ 6 ಕಿಲೋ ಚೀಲ ಸುಮಾರು 29 ದಿನ ಬರುತ್ತದೆ. ಒಮ್ಮೆ ನಾವು ತರಿಸುವ ಅಂಗಡಿಯವರು ಅವಧಿ ಮುಗಿಯಲು ಮೂರೇ ವಾರವಿದ್ದ ಚೀಲ ಕಳುಹಿಸಿದ್ದರು. ಅಂದಿನಿಂದ ದಿನಾಂಕ ನೋಡದೆ ಹಣ ಕೊಡುವುದಿಲ್ಲ. ಬೆಳೆಯುವ ಮರಿಗಳಿಗೆ, ಗಬ್ಬದ ನಾಯಿಗಳಿಗೆ ಇದು ತಕ್ಕದ್ದಲ್ಲ.

ಒಂಬತ್ತನೇ ತಿಂಗಳಿಗೆ ಸೋಮ 20.3 ಕಿಲೋಗೆ ಬಂದ. ಅದಕ್ಕೂ ಮೊದಲು ಚೆಂಡು ಎಸೆದು ಓಡಿಸಲು ವೈದ್ಯರು ಬಿಟ್ಟಿರಲಿಲ್ಲ, ಕೀಲುಗಳಿಗೆ ಪೆಟ್ಟು ಎಂದು ನಡಿಗೆಯನ್ನಷ್ಟೇ ಹೆಚ್ಚಿಸಿದ್ದರು. ಬಿಸಿಲೇರುವ ಮೊದಲೇ ಮುಗಿಸಬೇಕಿತ್ತು. ಈಗ ಅದೇ ಆಹಾರವನ್ನು ದಿನಕ್ಕೆ 240 ಗ್ರಾಂ ಕೊಡುತ್ತ ಐದು ತಿಂಗಳಾಗಿದೆ, ತೂಕ ಅಲ್ಲಿಯೇ ನಿಂತಿದೆ. ಮಹಡಿಯ ಮೆಟ್ಟಿಲಿನ ನಡುವೆ ನಿಂತು ಏದುಸಿರು ಬಿಡುತ್ತಿದ್ದವನು ಈಗ ನನಗಿಂತ ಮೊದಲು ಮೇಲಿರುತ್ತಾನೆ, ಮೈ ಬಾಚುವಾಗ ಪಕ್ಕೆಲುಬುಗಳು ಒಂದೊಂದಾಗಿ ಕೈಗೆ ಸಿಗುತ್ತವೆ.